ಬೆನ್ನು ತಿರುಗಿಸಿ ನಿಂತವರು

ಟೈಲರಕ್ಕನ ಅಂಗಡಿಯಲ್ಲಿ ಬಟ್ಟೆ ಹಾಕಿ ನೋಡುವುದಕ್ಕೆ ಬೇರೆ ಕೋಣೆ ಅಂತ ಇರಲಿಲ್ಲ. ಅಂಗಡಿಯೇ ಒಂದು ದೊಡ್ಡ ಬೀರುವಿನಷ್ಟಿತ್ತು. ಹೊಲಿಗೆ ಮೆಷಿನ್ನು, ಒಂದು ಮೇಜು, ಒಂದು ಸ್ಟೂಲು, ಅದರ ಮೇಲೆ ಟೈಲರಕ್ಕ. ಇಷ್ಟಾದ ಮೇಲೆ ಗಾಳಿ ಕೂಡ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ಕೇಳಬೇಕಿತ್ತು. ಹೀಗಾಗಿ ಗಿರಾಕಿ ಅಳತೆಗೆ ಬಟ್ಟೆ ಹಾಕಿ ನೋಡಬೇಕೆಂದರೆ ಅವಳು ಶಟರ್ ಎಳೆದು, ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದಳು. ಬದಲಾಯಿಸಿ ಮುಗಿದ ಮೇಲೆ ಗಿರಾಕಿ ಮೇಜನ್ನು ಎರಡು ಸಲ ತಟ್ಟಬೇಕು. ತಟ್ಟುವ ತನಕ ಟೈಲರಕ್ಕ ತಿರುಗುವವಳಲ್ಲ. ಒಮ್ಮೆ ಒಬ್ಬ ಹೆಂಗಸು ಹೊಸ ಬಟ್ಟೆಯಲ್ಲಿ ತನ್ನ ಚಂದ ನೋಡಿಕೊಳ್ಳುತ್ತಾ ತಟ್ಟುವುದನ್ನೇ ಮರೆತಳಂತೆ. ಇವಳು ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ನೋಡುತ್ತಾ ನಿಂತೇ ಇದ್ದಳು. ಕೊನೆಗೆ ಆ ಹೆಂಗಸಿಗೇ ನಾಚಿಕೆಯಾಗಿ ಮೇಜು ಮುಟ್ಟಿದಳು.

ಮರ್ಯಾದೆ ಕೊಡುವುದಕ್ಕೆ ಅವಳಿಗೆ ಗೊತ್ತಿದ್ದ ದಾರಿ ಇದೊಂದೇ. ಆಮೇಲೆ ಅದು ಎಷ್ಟೋ ಮನೆಗಳ ಕಟ್ಟಳೆಯಾಯಿತು. ಅವಳ ಕತ್ತು ಕೊಯ್ದದ್ದೂ ಅದೇ.

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಊರಿನ ಲಿಫ್ಟುಗಳನ್ನೆಲ್ಲ ಮೇಲೆ ಹತ್ತಿಸುತ್ತಿದ್ದನೇ ಹೊರತು ಅವನ ಮಾತು ಮಾತ್ರ ಯಾವಾಗಲೂ ಕೆಳಗಿನ ಮಹಡಿಯಲ್ಲೇ ಸಿಕ್ಕಿಕೊಂಡಿರುತ್ತಿತ್ತು. ಇವರಿಗೆ ಒಬ್ಬಳೇ ಮಗಳು. ಅಂಗಡಿಯ ನೆಲದ ಮೇಲೆ ಬಿದ್ದ ಮಿನುಗುವ ಚೂರುಗಳನ್ನು ಬಣ್ಣದ ಪ್ರಕಾರ ಸಾಲು ಜೋಡಿಸುತ್ತಾ ಕೂರುತ್ತಿದ್ದ ಮಗುವನ್ನು ಅಮ್ಮ ಮಿಣುಕಿ ಎಂದು ಕರೆದಳು, ಅದೇ ಹೆಸರು ನಿಂತಿತು. ಮಿಣುಕಿಗೆ ಮಾತು ಬರಲಿಲ್ಲ. ಅಂಗಿಯ ಕತ್ತಿನ ಲೇಬಲ್ ತಾಗಿದರೆ ಮೈಗೆ ಬೆಂಕಿ ಬಿದ್ದ ಹಾಗೆ ಕಿರುಚುತ್ತಿದ್ದಳು. ನೆಂಟರಿಷ್ಟರು ಹಟ ಎಂದರು, ಮುದ್ದು ಜಾಸ್ತಿಯಾಯಿತು ಎಂದರು, ಎರಡು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದರು. ಡಾಕ್ಟರು ಆಟಿಸಂ ಎಂದರು. ಟೈಲರಕ್ಕ ಕತ್ತರಿ ತಗೊಂಡು ಮಗಳ ಅಂಗಿಗಳ ಲೇಬಲ್ಲನ್ನೆಲ್ಲ ಬಿಚ್ಚಿ ಹಾಕಿದಳು. ಆಮೇಲೆ ಹೊಲಿಗೆಯ ಅಂಚೂ ಚುಚ್ಚುತ್ತದೆಂದು ತಿಳಿದು, ಅಂಚು ಹೊರಗೆ ಬರುವ ಹಾಗೆ ಅಂಗಿ ಹೊಲಿದಳು. ಮಗಳು ಅಂಗಿಯನ್ನು ಉಲ್ಟಾ ಹಾಕಿದ್ದಾಳೆಂದು ಬೀದಿಯಲ್ಲಿ ನಗುವವರಿಗೆ, "ನಿಮ್ಮದೇ ಉಲ್ಟಾ, ಮನೆಗೆ ಹೋಗಿ ಸರಿ ಮಾಡ್ಕೊಳ್ಳಿ" ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ನರ್ಸು ಅಂಗಡಿಗೆ ಬಂದಳು. ಡ್ಯೂಟಿ ಬಟ್ಟೆಯಲ್ಲೇ ಇದ್ದಳು. ಬ್ಯಾಗಿನಿಂದ ಹುಡುಗನ ಅಂಗಿ ತೆಗೆದು ಮೇಜಿನ ಮೇಲಿಟ್ಟು, ಸುತ್ತ ಯಾರಾದರೂ ಕೇಳಿಸಿಕೊಂಡಾರು ಎನ್ನುವ ಹಾಗೆ ದನಿ ತಗ್ಗಿಸಿದಳು.

"ಹೊಲಿಗೆ ಹೊರಗಡೆ ಬರೋ ಹಾಗೆ ಒಂದು ಅಂಗಿ ಹೊಲಿದುಕೊಡ್ತೀರಾ? ಹುಚ್ಚಿ ಅಂದ್ಕೋಬೇಡಿ."

"ಮಗೂಗೆ ವಯಸ್ಸೆಷ್ಟು?" ಎಂದಳು ಟೈಲರಕ್ಕ.

ಇಷ್ಟು ಕೇಳಿದ್ದಕ್ಕೇ ನರ್ಸು ಬಟ್ಟೆ ಗಂಟಿನ ಮೇಲೆ ಕುಸಿದು ಅತ್ತುಬಿಟ್ಟಳು. ಯಾಕೆ ಎಂದು ಕೇಳದೆ ವಯಸ್ಸು ಕೇಳಿದ ಮೊದಲ ವ್ಯಕ್ತಿ ಅವಳ ಪಾಲಿಗೆ ಟೈಲರಕ್ಕ. ಅವಳ ಮಗ ಬಸ್ ನಿಲ್ದಾಣದ ಪ್ರಕಟಣೆಗಳನ್ನು ಬೆಳಗಿನಿಂದ ಸಂಜೆವರೆಗೆ ಹೇಳುತ್ತಿದ್ದ. ಅವನನ್ನು ರೇಡಿಯೋ ಎಂದು ಕರೆಯತೊಡಗಿದ್ದು ಟೈಲರಕ್ಕನೇ. ನರ್ಸನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವ ಹಾಗೆ ಇವಳೂ ಸಿಸ್ಟರ್ ಎಂದೇ ಕರೆದಳು. ಕರೆಯುತ್ತಾ ಕರೆಯುತ್ತಾ ಅವಳು ನಿಜಕ್ಕೂ ತಂಗಿಯೇ ಆಗಿಬಿಟ್ಟಳು.

ತಮ್ಮ ಮಕ್ಕಳಂಥ ಮಕ್ಕಳಿಗಾಗಿ ಲಾಂಡ್ರಿ ಅಂಗಡಿಯ ಮೇಲಿನ ದೊಡ್ಡ ಹಾಲ್ ಒಂದನ್ನು ಇಬ್ಬರೂ ಸೇರಿ ಬಾಡಿಗೆಗೆ ಹಿಡಿದು ಒಂದು ಸಂಸ್ಥೆ ಕಟ್ಟಿದರು. ಸಂಸ್ಥೆಗೆ ರಿಜಿಸ್ಟರಿನಲ್ಲಿ ಏನೋ ಉದ್ದದ ಹೆಸರಿತ್ತು, ಆದರೆ ಜನರ ಬಾಯಲ್ಲಿ ಅದು ಬರೀ 'ಕೋಣೆ'. ಹಲಗೆಯ ನೆಲ, ಕೆಳಗಿನ ಇಸ್ತ್ರಿಯ ಹಬೆಗೆ ಸದಾ ಬೆಚ್ಚಗಿರುತ್ತಿತ್ತು, ಮಕ್ಕಳು ಅದಕ್ಕೆ ಕೆನ್ನೆ ಒತ್ತಿ ಮಲಗುತ್ತಿದ್ದರು. ಗುಂಯ್‌ಗುಡುವ ಟ್ಯೂಬ್‌ಲೈಟ್ ತೆಗೆಸಿ ಹಳದಿ ಬಲ್ಬು ಹಾಕಿಸಿದರು. ಗಡಿಯಾರ ಟಿಕ್ ಎನ್ನುತ್ತದೆಂದು ಅದನ್ನೂ ಕಳಿಸಿದರು. ದಪ್ಪ ಪರದೆ ಟೈಲರಕ್ಕನದೇ. ಮಡಿಲ ಮೇಲೆ ಭಾರ ಇದ್ದರೆ ಸಮಾಧಾನವಾಗುವ ಮಕ್ಕಳಿಗೆ ಅವಳು ಜೇಬು ಜೇಬಾಗಿ ಮರಳು ತುಂಬಿದ ಹೊದಿಕೆ ಹೊಲಿದಳು. ಮಾತು ಬೇಕಾದ ಕಡೆ ಸಿಸ್ಟರ್ ಹೋಗುತ್ತಿದ್ದಳು. ಶಾಲೆ, ಆಫೀಸು, ದಾನಿಗಳ ಮನೆ, ಎಲ್ಲಿ ನಿಂತರೂ ಕಲ್ಲು ಕರಗಿಸುವ ಹಾಗೆ ಮಾತಾಡುವಳು. "ಅವಳ ಬಾಯಿ, ನನ್ನ ಕೈ" ಎಂದು ಟೈಲರಕ್ಕ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಕೋಣೆಯ ಕಟ್ಟಳೆ ಹುಟ್ಟಿದ್ದು ಹೀಗೆ. ಶುರುವಿನಲ್ಲಿ ಒಂದು ದಿನ, ಕೂದಲು ಕತ್ತರಿಸುವ ಕಟಿಂಗ್ ಅಂಗಡಿಯವನ ಮಗ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಂಡು ಕಿರುಚತೊಡಗಿದ. ಇದ್ದ ಅಪ್ಪ ಅಮ್ಮಂದಿರೆಲ್ಲ ಸುತ್ತ ನಿಂತರು, ಪಾಪ ಎಂದರು, ನೋಡಿದರು. ನೋಡಿದಷ್ಟೂ ಹುಡುಗನ ಕೂಗು ಹೆಚ್ಚಾಯಿತು. ಅವನ ಅಪ್ಪ ನಾಚಿಕೆಯಲ್ಲಿ ನೆಲದೊಳಗೆ ಇಳಿಯುತ್ತಿದ್ದ.

"ಎಲ್ಲಾ ಆ ಕಡೆ ತಿರುಗ್ರಿ," ಎಂದಳು ಟೈಲರಕ್ಕ. "ಯಾರೋ ಬಟ್ಟೆ ಬದಲಾಯಿಸ್ತಿದ್ರೆ ನಿಂತು ನೋಡ್ತೀರಾ? ಇದೂ ಹಂಗೇ. ಅವನು ಮುಗಿಸ್ಕೊಂಡು ಹೇಳ್ಲಿ, ಆಮೇಲೆ ತಿರುಗೋಣ."

ಎಲ್ಲರೂ ಗೋಡೆಗೆ ಮುಖ ಮಾಡಿದರು. ಹುಡುಗನ ಪಕ್ಕ ಅವನ ಅಪ್ಪ ಒಬ್ಬನೇ ಕೂತ. ನಿಧಾನಕ್ಕೆ ಕೂಗು ಇಳಿಯಿತು. ಟೈಲರಕ್ಕ ಬೆನ್ನು ಹಾಕಿಯೇ, "ಆಯ್ತಾ ಮರಿ? ಆಗಿದ್ರೆ ನೆಲ ತಟ್ಟು" ಎಂದಳು. ಹುಡುಗ ತಟ್ಟಿದ. ಎಲ್ಲರೂ ತಿರುಗಿ, ಏನೂ ಆಗದವರ ಹಾಗೆ ಬಿಟ್ಟ ಕೆಲಸ ಹಿಡಿದರು. ಅಂದಿನಿಂದ ಕೋಣೆಯಲ್ಲಿ ಅದೇ ಕಾನೂನು. ಮಗು ತಡೆಯಲಾಗದೆ ಕೂಗಿ ಹೊರಳಾಡಿದಾಗ ಒಬ್ಬರು ಪಕ್ಕದಲ್ಲಿ, ಉಳಿದವರು ಗೋಡೆಗೆ. ತಿರುಗುವ ಅಪ್ಪಣೆ ಮಗುವಿನದು ಮಾತ್ರ. ಎಲ್ಲರಿಗಿಂತ ಚೆನ್ನಾಗಿ ಇದನ್ನು ಕಲಿತವಳು ಮಿಣುಕಿ. ಬಾಯಲ್ಲಿ ಒಂದು ಮಾತಿಲ್ಲದ ಹುಡುಗಿ, ಕಣ್ಣೊರೆಸಿಕೊಂಡು, ಅಂಗಿ ಎಳೆದುಕೊಂಡು, ಬೆರಳ ಗಿಣ್ಣಿನಿಂದ ಟಕ್ ಟಕ್ ಎಂದು ಹಲಗೆ ತಟ್ಟಿದಾಗ ಇಡೀ ಕೋಣೆ ಅವಳ ಮಾತು ಕೇಳುತ್ತಿತ್ತು. ಹಾಗೆ ಅವಳ ಮಾತು ಕೇಳುವ ಜಾಗ ಭೂಮಿಯ ಮೇಲೆ ಇನ್ನೊಂದು ಇರಲಿಲ್ಲ. ಟೈಲರಕ್ಕ ಕೋಣೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಇದಕ್ಕಾಗಿ.

ವರ್ಷಗಳು ಕಳೆದು ಮಿಣುಕಿ ಅಮ್ಮನ ಭುಜದ ಎತ್ತರ ಬೆಳೆದಳು. ಆಗ ಲಾಂಡ್ರಿ ಮಾಲೀಕ, ಮೇಲೆ ಹೊಸ ಮೆಷಿನ್ ಹಾಕಬೇಕು, ಜಾಗ ಖಾಲಿ ಮಾಡಿ ಎಂದ. ಸಿಸ್ಟರ್ ದೊಡ್ಡವರ ಬಾಗಿಲು ಬಡಿಯುತ್ತಾ ಓಡಾಡಿದಳು. ಕೊನೆಗೊಂದು ದಿನ ಕುಣಿಯುತ್ತಾ ಬಂದಳು. ಯಾರೋ ಸಿರಿವಂತರು ಅಂಗಳ ಇರುವ ಮನೆಯನ್ನೇ ಕೊಡುತ್ತಾರಂತೆ.

"ಏನ್ ಮಂತ್ರ ಹಾಕಿದ್ಯೇ?" ಎಂದಳು ಟೈಲರಕ್ಕ.

"ನನ್ನ ಬಾಯಿ ಗೊತ್ತಲ್ಲಕ್ಕ," ಎಂದು ಸಿಸ್ಟರ್ ನಕ್ಕಳು.

ಖುಷಿಗೆ ಟೈಲರಕ್ಕ ಕೋಣೆಯವರಿಗೆಲ್ಲ ಟೀ ತರಿಸಿದಳು. ಯಾಕೋ ಆ ದಿನ ಯಾರೂ ಅವಳಷ್ಟು ನಗಲಿಲ್ಲ. ಕಟಿಂಗ್ ಅಂಗಡಿಯವನಂತೂ ಟೀ ಲೋಟದಲ್ಲಿ ಏನೋ ಬಿದ್ದಿದೆ ಎನ್ನುವ ಹಾಗೆ ಅದನ್ನೇ ನೋಡುತ್ತಿದ್ದ.

ಗುಟ್ಟು ಹೊರಬಿದ್ದದ್ದು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಒಬ್ಬ ಗಿರಾಕಿಯಿಂದ. ಆಕೆ ಟೈಲರಕ್ಕನ ಕೈ ಹಿಡಿದುಕೊಂಡು, "ನಿಮ್ಮ ಮಗಳನ್ನ ನೋಡಿ ಅತ್ತುಬಿಟ್ಟೆ ಕಣ್ರೀ. ಪಾಪ, ಈಗ ಹೇಗಿದ್ದಾಳೆ?" ಎಂದಳು.

"ಎಲ್ಲಿ ನೋಡಿದ್ರಿ?"

"ಅದೇ, ಫೋನಲ್ಲಿ ಬಂತಲ್ಲ. ನೀವು ನೋಡಿಲ್ವಾ?"

ನೋಡಿದಳು. ಕೋಣೆಯ ಹಲಗೆಯ ನೆಲ. ಅದರ ಮೇಲೆ ಮಿಣುಕಿ ಮುದುಡಿಕೊಂಡು, ಕೂದಲು ಕಿತ್ತುಕೊಳ್ಳುತ್ತಾ, ತನ್ನ ಕೈಯನ್ನೇ ಕಚ್ಚುತ್ತಾ ಕೂಗುತ್ತಿದ್ದಳು. ಪ್ಯಾಂಟು ಒದ್ದೆಯಾಗಿತ್ತು. ವಯಸ್ಸಿಗೆ ಬಂದ ಹುಡುಗಿ. ಒದ್ದೆ ಎದ್ದು ಕಾಣುತ್ತಿತ್ತು. ಪಕ್ಕದಲ್ಲಿ ಟೈಲರಕ್ಕನ ಮೊಣಕಾಲು, ಹಿಂದೆ ಗೋಡೆಗೆ ಮುಖ ಮಾಡಿ ನಿಂತವರ ಸಾಲು. ಅಳು ಬರಿಸುವ ಸಂಗೀತ. 'ಹೀಗಿದ್ದವರು' ಎಂದು ಅಕ್ಷರ ಮೂಡಿತು. ಮರುಕ್ಷಣ ರೇಡಿಯೋ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಣ್ಣದ ಬ್ರಶ್ಶು ಹಿಡಿದು ನಗುತ್ತಾ ಬಂದ. 'ಹೀಗಾದರು.'

ಚಿತ್ರದ ಒಂದು ಮೂಲೆಯಲ್ಲಿ ನೀಲಿ ಬಟ್ಟೆಯ ಭುಜ ಅರ್ಧ ಕಾಣುತ್ತಿತ್ತು. ಆ ಭುಜದ ಹೊಲಿಗೆ ಯಾರದೆಂದು ಟೈಲರಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ನೀಲಿ ಬಟ್ಟೆಯನ್ನು ಅವಳೇ ಆರಿಸಿ, ಅವಳೇ ಹೊಲಿದು, ದುಡ್ಡು ಬೇಡ ಹೋಗೇ ಎಂದು ಸಿಸ್ಟರಿಗೆ ಕೊಟ್ಟಿದ್ದಳು. ಎಲ್ಲರ ಜೊತೆ ಸಿಸ್ಟರೂ ಗೋಡೆಗೆ ತಿರುಗಿದ್ದಳು. ತಿರುಗಿ, ಸೆಲ್ಫಿ ತೆಗೆಯುವವರ ಹಾಗೆ ಫೋನನ್ನು ಎದೆಯ ಮುಂದೆ ಹಿಡಿದು, ತನ್ನ ಭುಜದ ಮೇಲಿಂದ ಹಿಂದಿನದನ್ನೆಲ್ಲ ತೆಗೆದುಕೊಂಡಿದ್ದಳು. ಅದನ್ನು ಯಾರು ನೋಡಿಯಾರು? ನೋಡಬಾರದು ಎಂದೇ ಅಲ್ಲವೇ ಎಲ್ಲರೂ ಗೋಡೆ ನೋಡುತ್ತಿದ್ದದ್ದು? ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಆ ಬೇಲಿಯನ್ನು ಕಟ್ಟಿದವಳು ಟೈಲರಕ್ಕನೇ.

ಗಿರಾಕಿಯ ಪ್ಯಾಂಟು ಮೇಜಿನ ಮೇಲೇ ಉಳಿಯಿತು. ಟೈಲರಕ್ಕ ಶಟರ್ ಎಳೆದು ನೇರ ಕೋಣೆಗೆ ಹೋದಳು. ಸಿಸ್ಟರ್ ಮರಳಿನ ಹೊದಿಕೆಗಳನ್ನು ಹೊಸ ಮನೆಗೆ ಸಾಗಿಸಲು ಮಡಿಸುತ್ತಿದ್ದಳು. ಇವಳ ಮುಖ ನೋಡಿದ್ದೇ ಅವಳಿಗೆ ಗೊತ್ತಾಯಿತು.

"ನಾನೂ ತಿರುಗಿದ್ದೆ ಅಕ್ಕ," ಎಂದಳು. "ನನ್ನ ಕಣ್ಣಲ್ಲಿ ನೋಡಿಲ್ಲ."

"ಊರಿಗೆಲ್ಲ ತೋರಿಸಿದ್ಯಲ್ಲೇ."

"ಅವರು ಏನಾದ್ರೂ ತೋರಿಸಿ ಅಂದ್ರು. ನಗೋ ಮಕ್ಕಳನ್ನ ತೋರಿಸಿದ್ರೆ ಯಾರಕ್ಕ ಮನೆ ಕೊಡ್ತಾರೆ? ಇಲ್ಲಿಂದ ಹೊರಗೆ ಹಾಕ್ತಿದ್ರು. ಎಲ್ಲ ಮಕ್ಕಳೂ ಬೀದಿಗೆ ಬೀಳ್ತಿದ್ರು. ಮಿಣುಕಿನೂ."

"ನಿನ್ನ ಮಗನೂ ಹೋದ ತಿಂಗಳು ಇದೇ ನೆಲದ ಮೇಲೆ ಬಿದ್ದು ಹೊರಳಾಡಿದ. ಅವನದ್ದು ಯಾಕೆ ತೆಗೀಲಿಲ್ಲ?"

ಕಲ್ಲು ಕರಗಿಸುವವಳು ಮಡಿಸಿದ ಹೊದಿಕೆಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ಸರಿ. ಆದರೆ ತನ್ನ ಹೆಗ್ಗಣಕ್ಕೆ ಹೊಸ ಅಂಗಿ ತೊಡಿಸಿ, ಅಕ್ಕನ ಮಗಳನ್ನು ಒದ್ದೆ ಬಟ್ಟೆಯಲ್ಲಿ ಸಂತೆಗೆ ನಿಲ್ಲಿಸಿದಳಲ್ಲ, ಅದಕ್ಕೆ ಯಾವ ಗಾದೆಯೂ ಇಲ್ಲ. ಮಡಿಸಿದ ಹೊದಿಕೆ ಸಿಸ್ಟರಿನ ಕೈಯಿಂದ ಜಾರಿ ಧಪ್ಪೆಂದು ಬಿತ್ತು. ಆಮೇಲೆ ಅವಳು ಅತ್ತಳು. ಕಾಲು ಹಿಡಿಯುತ್ತೇನೆ ಎಂದಳು. ಅಲ್ಲೇ ಫೋನು ತೆಗೆದು, ಆ ಹಾಳು ವಿಡಿಯೋ ಅಳಿಸಿ, ಇವಳ ಕಣ್ಣ ಮುಂದೆ ಹಿಡಿದಳು. "ಯಾರಿಗೆ ಕಳಿಸಿದ್ನೋ ಅವ್ರಿಗೂ ಹೇಳ್ತೀನಿ. ಇನ್ನು ಯಾರೂ ತೋರ್ಸಲ್ಲ. ನನ್ನ ಮಗನಾಣೆ."

ಇಷ್ಟಕ್ಕೇ ಮುಗಿದಿದ್ದರೆ ಒಬ್ಬಳ ಮೋಸ ಎಂದು ನುಂಗಿಕೊಳ್ಳಬಹುದಿತ್ತು. ಟೈಲರಕ್ಕ ಮಾರನೆಯ ದಿನ ಅಪ್ಪ ಅಮ್ಮಂದಿರನ್ನೆಲ್ಲ ಕೂರಿಸಿ ವಿಷಯ ಹೇಳಹೊರಟಳು. ಹೇಳುತ್ತಿರುವಾಗ ಯಾರ ಮುಖದಲ್ಲೂ ಆಶ್ಚರ್ಯ ಕಾಣಲಿಲ್ಲ. ಒಬ್ಬರು ಚಾಪೆಯ ಎಳೆ ಕೀಳುತ್ತಿದ್ದರು, ಒಬ್ಬರು ಕಿಟಕಿ ನೋಡುತ್ತಿದ್ದರು.

"ನಿಮಗೆ ಗೊತ್ತಿತ್ತಾ?"

ಕಟಿಂಗ್ ಅಂಗಡಿಯವನೇ ಕೊನೆಗೆ ಬಾಯಿಬಿಟ್ಟ. "ಸಿಸ್ಟರ್ ಮೊದ್ಲು ನಮಗೆ ತೋರ್ಸಿದ್ರು ಅಕ್ಕ. ಕಳಿಸ್ಲಾ ಅಂತ ಕೇಳಿದ್ರು. ಎಲ್ಲಾ ಹೂಂ ಅಂದ್ವಿ. ನಿಮ್ಗೆ ಹೇಳಿದ್ರೆ ನೀವು ಬಿಡ್ತಿರ್ಲಿಲ್ಲ."

ಅವನ ಮಗನಿಗಾಗಿಯೇ ಮೊದಲ ಸಲ ಗೋಡೆಗೆ ತಿರುಗಿದ್ದು. ಅಂದು ನೋಡದೆ ಮರ್ಯಾದೆ ಉಳಿಸಿದವರೆಲ್ಲ ಆಮೇಲೆ ಒಂದು ಫೋನಿನ ಸುತ್ತ ತಲೆ ಸೇರಿಸಿ, ಅವಳ ಮಗಳನ್ನು ಕಣ್ತುಂಬ ನೋಡಿದ್ದರು. ಒಬ್ಬನಾದರೂ ಬೇಡ ಎನ್ನಲಿಲ್ಲವಲ್ಲ. ತಾನು ಯಾರ ಮಕ್ಕಳ ಅಂಗಿಯ ಲೇಬಲ್ ಬಿಚ್ಚಿಕೊಟ್ಟಿದ್ದಳೋ ಅವರೆಲ್ಲ ಎದುರಿಗೆ ಸಾಲಾಗಿ ಕೂತಿದ್ದರು. ಅವಳು ಎದ್ದು ಬಂದಳು. ಮನೆಯಲ್ಲಿ ಗಂಡನಿಗೆ ಹೇಳಿದರೆ ಅವನೂ ತಲೆ ತಗ್ಗಿಸಿದ.

"ನೋಡಿದ್ದೆ," ಎಂದ. "ಕೆಲಸದ ಜಾಗದಲ್ಲಿ ಯಾರೋ ತೋರ್ಸಿದ್ರು. ನಿಂಗೆ ನೋವಾಗುತ್ತೆ ಅಂತ ಹೇಳ್ಲಿಲ್ಲ."

ಅವನ ಮಾತು ಕೆಳಗಿನ ಮಹಡಿಯಲ್ಲಿ ಸಿಕ್ಕಿಕೊಂಡದ್ದಕ್ಕೆ ಅವಳು ಅಲ್ಲಿಯವರೆಗೆ ನಗುತ್ತಿದ್ದಳು. ಅಂದು ನಗು ಬರಲಿಲ್ಲ.

ಇನ್ನು ಕೋಣೆಯ ಸಹವಾಸವೇ ಬೇಡ ಎಂದು ತೀರ್ಮಾನಿಸಿ ಅಂಗಡಿಯಲ್ಲಿ ಕೂತಳು. ಆದರೆ ತೀರ್ಮಾನವನ್ನು ಮಿಣುಕಿಗೆ ತಿಳಿಸುವುದು ಹೇಗೆ? ಕೋಣೆಗೆ ಹೋಗುವ ಹೊತ್ತಾದರೆ ಅವಳು ತನ್ನ ಚಪ್ಪಲಿ ಹಾಕಿಕೊಂಡು, ಅಮ್ಮನ ಚಪ್ಪಲಿಯನ್ನು ತಂದು ಮೆಷಿನ್ನಿನ ಪೆಡಲಿನ ಮೇಲೆ ಇಡುತ್ತಿದ್ದಳು. ಅಮ್ಮ ಅದನ್ನು ತೆಗೆದಿಟ್ಟರೆ ಮತ್ತೆ ತಂದಿಡುತ್ತಿದ್ದಳು. ಕೋಪ ಇಲ್ಲ, ಹಟ ಇಲ್ಲ. ಅಮ್ಮ ಮರೆತಿದ್ದಾಳೆ, ನೆನಪಿಸಬೇಕು ಎನ್ನುವ ಹಾಗೆ. ಬೀದಿಗೆ ಕರೆದುಕೊಂಡು ಹೋದರೆ ಜನ ಗುರುತು ಹಿಡಿದು ಪಾಪ ಎನ್ನುತ್ತಿದ್ದರು. ತಾನು ಮುನಿಸಿಕೊಂಡರೆ ಬಾಗಿಲು ಮುಚ್ಚುವುದು ಮಗಳಿಗೆ ಎಂದು ಅರ್ಥವಾಗಿ ಟೈಲರಕ್ಕ ಚಪ್ಪಲಿ ಮೆಟ್ಟಿದಳು. ಸಿಸ್ಟರ್ ಆಣೆ ಹಾಕಿದ್ದಾಳೆ, ಇನ್ನು ತೋರಿಸುವುದಿಲ್ಲ ಎಂದಿದ್ದಾಳೆ, ಆಯಿತು, ಮಗಳಿಗಾಗಿ ಒಂದು ಸಲ ನಂಬಿ ನೋಡೋಣ ಎಂದುಕೊಂಡಳು. ನಂಬುವುದು ಕೂಡ ಒಂದು ಚಟ, ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ.

ಹೊಸ ಮನೆಯ ಬಾಗಿಲು ತೆರೆಯುವ ದಿನ ಬಂತು. ನೆಲಕ್ಕೆ ಫಳಫಳ ಹೊಳೆಯುವ ಕಲ್ಲು, ಗೋಡೆಗೆ ಹೊಸ ಬಣ್ಣ. ಸಿಸ್ಟರ್ ಹತ್ತಿರ ಬಂದು, "ಅಕ್ಕ, ಬಾಗಿಲಿಗೆ ಕಟ್ಟಿರೋ ಟೇಪು ನಿನ್ನ ಕತ್ತರಿಯಿಂದಲೇ ಕತ್ತರಿಸೋಣ" ಎಂದಳು. ಬಟ್ಟೆ ಕತ್ತರಿಯಲ್ಲಿ ಬೇರೇನನ್ನೂ ಕತ್ತರಿಸಬಾರದು, ಅಲಗು ಹಾಳಾಗುತ್ತದೆ ಎಂಬುದು ಹೊಲಿಯುವವರಿಗೆಲ್ಲ ಗೊತ್ತು. ಆದರೂ ಟೈಲರಕ್ಕ ಕೊಟ್ಟಳು. ಇಬ್ಬರೂ ಸೇರಿಯೇ ಹಿಡಿದು ಕತ್ತರಿಸಿದರು. ಸಿಸ್ಟರಿನ ಕೈ ಬೆಚ್ಚಗಿತ್ತು, ಹಳೆಯ ದಿನಗಳ ಹಾಗೇ ಇತ್ತು.

ಮನೆ ಕೊಟ್ಟವರು ಮುಂದಿನ ಕುರ್ಚಿಗಳಲ್ಲಿ ಕೂತರು. ಅವರಲ್ಲೊಬ್ಬರು ಎದ್ದು ತಮ್ಮ ಮನಸ್ಸು ಕರಗಿದ್ದು ಹೇಗೆ ಎಂದು ಹೇಳತೊಡಗಿದರು. ಹೇಳಿ, "ನೀವೂ ನೋಡಿ" ಎಂದರು. ಬಿಳಿಯ ಪರದೆ ಬೆಳಗಿತು. ಅಳು ಬರಿಸುವ ಅದೇ ಸಂಗೀತ. ಟೈಲರಕ್ಕ ಸಿಸ್ಟರಿನ ಕಡೆ ನೋಡಿದಳು. ಸಿಸ್ಟರ್ ಬಿಳಿಚಿಕೊಂಡು ತಲೆ ಅಲ್ಲಾಡಿಸಿದಳು. ಬೇಡ ಎಂದು ಅವರಿಗೆ ಹೇಳುವ ಧೈರ್ಯ ಅವಳಿಗೆ ಬಂದೇ ಇರಲಿಲ್ಲ. ಮಗನ ಮೇಲಿನ ಆಣೆಯೂ ಬಾಯಿಮಾತೇ ಆಗಿತ್ತು.

ಪರದೆಯ ಮೇಲಿನದು ತಾನು ಎಂದು ಮಿಣುಕಿಗೆ ತಿಳಿಯಿತೋ ಇಲ್ಲವೋ, ಆದರೆ ಆ ಕೂಗು ಅವಳದು. ಮೈಕಿನಲ್ಲಿ ಹತ್ತು ಪಟ್ಟಾಗಿ ಕಿವಿಗೆ ಬಡಿದ ತನ್ನದೇ ಕೂಗಿಗೆ ಅವಳು ಕಿವಿ ಮುಚ್ಚಿಕೊಂಡು ಕುರ್ಚಿಯಿಂದ ಕೆಳಗೆ ಬಿದ್ದಳು. ಪರದೆಯ ಮೇಲೊಬ್ಬ ಮಿಣುಕಿ, ನೆಲದ ಮೇಲೊಬ್ಬ ಮಿಣುಕಿ, ಇಬ್ಬರೂ ಒಟ್ಟಿಗೆ ಕೂಗಿದರು. ಯಾರೋ ಓಡಿಹೋಗಿ ಸಂಗೀತ ನಿಲ್ಲಿಸಿದರು. ಕೋಣೆಯವರು ಅಭ್ಯಾಸಬಲದಿಂದ ಎದ್ದು ಗೋಡೆಗೆ ತಿರುಗಿದರು. ಅವರನ್ನು ನೋಡಿ ದಾನಿಗಳೂ ಗೊತ್ತಾಗದೆ ಎದ್ದು ತಿರುಗಿದರು. ಗಂಡನೂ ತಿರುಗಿದ. ಸಿಸ್ಟರೂ ತಿರುಗಿದಳು.

ಟೈಲರಕ್ಕ ಮಗಳ ಪಕ್ಕ ನೆಲದ ಮೇಲೆ ಕೂತು, ಅವಳ ಬೆನ್ನಿನ ಮೇಲೆ ಅಂಗೈ ಒತ್ತಿದಳು. ಎಂದಿನಂತೆ ಕಾಯಬೇಕು, ಅಷ್ಟೇ. ತಲೆ ಎತ್ತಿದಳು. ಕೋಣೆಯ ತುಂಬ ಬೆನ್ನುಗಳು. ಇಷ್ಟು ವರ್ಷ ಆ ಬೆನ್ನುಗಳನ್ನು ನೋಡಿದರೆ ಅವಳಿಗೆ ಮನೆ ಸೇರಿದಷ್ಟು ನೆಮ್ಮದಿಯಾಗುತ್ತಿತ್ತು. ಈಗ ಅವಳಿಗೆ ಬೆನ್ನು ಕಾಣುತ್ತಿತ್ತು, ಕೈ ಯಾರದೂ ಕಾಣುತ್ತಿರಲಿಲ್ಲ. ಎಲ್ಲರ ಕೈಯೂ ಎದೆಯ ಮುಂದಿತ್ತು. ಆ ಕೈಯಲ್ಲಿ ಏನಿದೆಯೋ. ಕಟಿಂಗ್ ಅಂಗಡಿಯವನ ಮೊಣಕೈ ಯಾಕೆ ಹಾಗೆ ಮಡಿಚಿದೆ? ಗಂಡನ ಭುಜ ಯಾಕೆ ಅಲುಗಿತು? ಸಿಸ್ಟರ್ ಅಂದಿನ ಆ ನೀಲಿ ಬಟ್ಟೆಯನ್ನೇ ಹಾಕಿಕೊಂಡು ಬಂದಿದ್ದಳು, ಅದೇ ಭುಜ. ಮಗಳು ಇನ್ನೂ ನೆಲದ ಮೇಲೆ ಮುದುಡಿಕೊಂಡೇ ಇದ್ದಳು.

"ತಿರುಗ್ರಿ," ಎಂದಳು ಟೈಲರಕ್ಕ.

ಯಾರೂ ಅಲುಗಲಿಲ್ಲ. ಅಪ್ಪಣೆ ಅವಳದಲ್ಲ ಎಂದು ಅವಳೇ ಕಲಿಸಿದ್ದಳು.

"ತಿರುಗ್ರಿ ಅಂದೆ. ಎಲ್ಲರೂ ಈ ಕಡೆ ತಿರುಗಿ ಕೈ ತೋರಿಸ್ರಿ."

ಒಬ್ಬೊಬ್ಬರಾಗಿ ತಿರುಗಿದರು. ಅಂಗೈ ಬಿಡಿಸಿ ಮುಂದೆ ಹಿಡಿದರು, ಶಾಲೆಯ ಮಕ್ಕಳ ಹಾಗೆ. ಕಟಿಂಗ್ ಅಂಗಡಿಯವನ ಕೈ ಖಾಲಿ. ಗಂಡನ ಕೈ ಖಾಲಿ. ಸಿಸ್ಟರಿನ ಎರಡೂ ಕೈ ಖಾಲಿ. ಅಷ್ಟೂ ಜನರ ಕಣ್ಣು ಮಾತ್ರ ನೆಲದ ಮೇಲಿನ ಹುಡುಗಿಯ ಮೇಲಿತ್ತು. ಕೆದರಿದ ಕೂದಲಿನ ಮೇಲೆ, ಕಚ್ಚಿದ ಕೈಯ ಮೇಲೆ, ಒದ್ದೆಯಾದ ಬಟ್ಟೆಯ ಮೇಲೆ.

ಮಿಣುಕಿಗೆ ಅದು ಗೊತ್ತಿರಲಿಲ್ಲ. ಅವಳ ಮುಖ ಇನ್ನೂ ಮೊಣಕಾಲ ನಡುವೆಯೇ ಇತ್ತು. ಕೂಗು ತಾನಾಗಿ ಇಳಿಯಿತು. ತಲೆ ಎತ್ತದೆಯೇ ತೋಳಿನಿಂದ ಕಣ್ಣೊರೆಸಿಕೊಂಡಳು, ಅಂಗಿ ಕೆಳಗೆ ಎಳೆದುಕೊಂಡಳು, ಕೂದಲು ಸರಿ ಮಾಡಿಕೊಂಡಳು, ಏನೊಂದನ್ನೂ ಮರೆಯದೆ. ಆಮೇಲೆ ಬೆರಳ ಗಿಣ್ಣಿನಿಂದ ಹೊಸ ನೆಲವನ್ನು ಎರಡು ಸಲ ತಟ್ಟಿದಳು. ಕಲ್ಲಿನ ನೆಲ, ಸದ್ದು ಬರಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ತಟ್ಟಿ, ಎಲ್ಲರೂ ತಿರುಗಲಿ ಎಂದು ತಲೆ ಎತ್ತಿದಳು.